ಒಂದೇ ತಂತಿ, ಒಂದೇ ರಾತ್ರಿ, ಎರಡು ದರ

ಬ್ರಿಟನ್ನಿನಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಎಷ್ಟು? ಉತ್ತರ ಸಿಗಬೇಕಾದರೆ ಮನೆಯ ಮುಂದೆ ಏನು ನಿಂತಿದೆ ಎಂದು ಮೊದಲು ಹೇಳಬೇಕು. ಎಲೆಕ್ಟ್ರಿಕ್ ಕಾರು ನಿಂತಿದ್ದರೆ ಏಳರಿಂದ ಒಂಬತ್ತು ಪೆನ್ಸಿಗೆ (2025ರ ಸುಮಾರಿನ ದರಗಳಿವು) ಯೂನಿಟ್ ಕೊಡಲು ಕಂಪನಿಗಳು ಪೈಪೋಟಿ ನಡೆಸುತ್ತವೆ. ಕಾರಿಲ್ಲ, ರಾತ್ರಿ ಶಾಖ ತುಂಬಿಕೊಂಡು ಹಗಲು ಮನೆ ಬೆಚ್ಚಗಿಡುವ, ಗೋಡೆಗೆ ಒರಗಿದ ಹಳೆಯ ಸ್ಟೋರೇಜ್ ಹೀಟರುಗಳಷ್ಟೇ ಇವೆ ಎಂದರೆ ಅದೇ ಗಂಟೆಯ, ಅದೇ ತಂತಿಯ ವಿದ್ಯುತ್ತಿಗೆ ಹದಿಮೂರೋ ಹದಿನಾರೋ ಪೆನ್ಸ್. ಒಂದು ಪೆನ್ನಿ ನಮ್ಮ ರೂಪಾಯಿಗಿಂತ ತುಸು ಹೆಚ್ಚು ಎಂದಿಟ್ಟುಕೊಂಡರೆ ಅಂತರದ ಅಂದಾಜು ಸಿಗುತ್ತದೆ.

ಮೇಲುನೋಟಕ್ಕೆ ಇದು ಶುದ್ಧ ಪಕ್ಷಪಾತ. ಹೊಸ ಕಾರು ಕೊಳ್ಳುವ ಶಕ್ತಿ ಇದ್ದವರಿಗೆ ಅಗ್ಗ, ಬಾಡಿಗೆಯ ಫ್ಲ್ಯಾಟಿನಲ್ಲಿ ಚಳಿ ತಡೆದುಕೊಳ್ಳುವವರಿಗೆ ದುಬಾರಿ. ನನ್ನ ಪ್ರಕಾರ ಈ ಆರೋಪದಲ್ಲಿ ಅರ್ಧದಷ್ಟು ಹುರುಳಿದೆ. ಇನ್ನರ್ಧಕ್ಕೆ ಉತ್ತರ ಗ್ರಿಡ್ಡಿನ ಲೆಕ್ಕದಲ್ಲಿದೆ. ಎರಡನ್ನೂ ಬೇರೆಬೇರೆಯಾಗಿ ನೋಡದಿದ್ದರೆ ಚರ್ಚೆ ಬರಿಯ ಕೂಗಾಟವಾಗುತ್ತದೆ.

ರಾತ್ರಿ ದರದ ಕತೆ ಕಾರಿಗಿಂತ ಬಹಳ ಹಳೆಯದು. 1978ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸರ್ಕಾರಿ ವಿದ್ಯುತ್ ವ್ಯವಸ್ಥೆ ‘ಎಕಾನಮಿ 7’ ಎಂಬ ದರವನ್ನು ಜಾರಿಗೆ ತಂದಿತು. ರಾತ್ರಿ ಏಳು ಗಂಟೆಗಳ ಕಾಲ ಅಗ್ಗ, ಉಳಿದ ಹದಿನೇಳು ಗಂಟೆ ಸಾಮಾನ್ಯಕ್ಕಿಂತ ತುಸು ದುಬಾರಿ. ಕಾರಣ ಸರಳ. ಕಲ್ಲಿದ್ದಲು ಮತ್ತು ಅಣು ಸ್ಥಾವರಗಳನ್ನು ರಾತ್ರಿ ಹತ್ತಕ್ಕೆ ಆರಿಸಿ ಬೆಳಿಗ್ಗೆ ಆರಕ್ಕೆ ಹೊತ್ತಿಸಲು ಬರುವುದಿಲ್ಲ. ಊರೆಲ್ಲ ಮಲಗಿದಾಗಲೂ ಅವು ವಿದ್ಯುತ್ ಉತ್ಪಾದಿಸುತ್ತಲೇ ಇರುತ್ತವೆ. ಆ ಹೆಚ್ಚುವರಿಯನ್ನು ಎಲ್ಲಾದರೂ ಇಳಿಸಬೇಕಿತ್ತು. ವೇಲ್ಸಿನ ಡಿನಾರ್ವಿಗ್‌ನಲ್ಲಿ ಬೆಟ್ಟದೊಳಗೆ 1984ರಲ್ಲಿ ಶುರುವಾದ ಸ್ಥಾವರ ರಾತ್ರಿಯ ವಿದ್ಯುತ್ತಿನಿಂದ ನೀರನ್ನು ಮೇಲಿನ ಕೆರೆಗೆ ಎತ್ತಿ, ಹಗಲು ಬೇಕಾದಾಗ ಕೆಳಗೆ ಹರಿಸಿ 1,728 ಮೆಗಾವ್ಯಾಟ್‌ವರೆಗೆ ಉತ್ಪಾದಿಸುತ್ತದೆ. ಅದೇ ಕೆಲಸವನ್ನು ಚಿಕ್ಕ ಪ್ರಮಾಣದಲ್ಲಿ, ಲಕ್ಷಾಂತರ ಮನೆಗಳ ಗೋಡೆಬದಿಯಲ್ಲಿ ಮಾಡಿದ್ದು ಸ್ಟೋರೇಜ್ ಹೀಟರು.

ಈ ಹೀಟರನ್ನು ಕಾಣದವರಿಗೆ ಒಂದು ಮಾತು. ಸಂಜೆ ಉರಿ ಹಾಕಿದ ಬಚ್ಚಲ ಹಂಡೆ ಬೆಳಗಿನವರೆಗೆ ಬಿಸಿ ಹಿಡಿದಿಡುವಂತೆ ಇದೂ ಒಂದು ಶಾಖದ ಉಗ್ರಾಣ. ಒಳಗಿರುವುದು ನೀರಲ್ಲ, ಒತ್ತಾದ ಇಟ್ಟಿಗೆಗಳು. ಅವುಗಳ ನಡುವೆ ಹಾದುಹೋಗುವ ಕಾಯಿಲ್ ರಾತ್ರಿಯಿಡೀ ಕಾದು ಇಟ್ಟಿಗೆಗಳನ್ನು ನೂರಾರು ಡಿಗ್ರಿಗೆ ಏರಿಸುತ್ತದೆ. ಸುತ್ತಲಿನ ದಪ್ಪ ಹೊದಿಕೆ ಶಾಖವನ್ನು ಮಾರನೆಯ ದಿನವಿಡೀ ನಿಧಾನವಾಗಿ ಹೊರಬಿಡುತ್ತದೆ. ಹೀಟರಿನ ತಲೆಯ ಮೇಲೆ ಎರಡು ಗುಬುಟುಗಳಿರುತ್ತವೆ: ‘ಇನ್‌ಪುಟ್’ ಮತ್ತು ‘ಔಟ್‌ಪುಟ್’. ಮೊದಲನೆಯದು ಇಂದು ರಾತ್ರಿ ಎಷ್ಟು ಶಾಖ ತುಂಬಬೇಕು ಎಂಬುದನ್ನು ನಿರ್ಧರಿಸುತ್ತದೆ. ಎರಡನೆಯದು ಒಳಗಿನ ಒಂದು ಮುಚ್ಚಳವನ್ನು ತೆರೆದು ಶಾಖವನ್ನು ಬೇಗ ಹೊರಬಿಡುತ್ತದೆ. ಓದಲೋ ಕೆಲಸಕ್ಕೋ ಹೋದ ನಮ್ಮ ಹುಡುಗರು ಬಾಡಿಗೆ ಮನೆ ಹಿಡಿದ ಮೊದಲ ಚಳಿಗಾಲದಲ್ಲಿ ಎಡವುವುದು ಇಲ್ಲಿಯೇ. ಚಳಿ ಎಂದು ಎರಡನ್ನೂ ಕೊನೆಯವರೆಗೆ ತಿರುಗಿಸುತ್ತಾರೆ. ಬೆಳಿಗ್ಗೆ ಯಾರೂ ಇಲ್ಲದ ಮನೆ ಬೆಚ್ಚಗಾಗಿ, ಸಂಜೆ ಬರುವ ಹೊತ್ತಿಗೆ ಇಟ್ಟಿಗೆ ತಣ್ಣಗಾಗಿರುತ್ತದೆ. ಆಗ ಅಂಗಡಿಯಿಂದ ತಂದ ಪ್ಲಗ್ ಹೀಟರು ಹೊರಬರುತ್ತದೆ, ಅದೂ ದುಬಾರಿಯಾದ ಹಗಲು ದರದಲ್ಲಿ. ತಿಂಗಳ ಬಿಲ್ಲು ಬಂದಾಗ ಬೈಗುಳವೆಲ್ಲ ವಿದ್ಯುತ್ ಕಂಪನಿಗೆ.

ಆ ಹೀಟರುಗಳಿಗೆ ‘ಈಗ ಹೊತ್ತಿಕೊಳ್ಳಿ’ ಎಂದು ಹೇಳುತ್ತಿದ್ದವರು ಯಾರು? ಕೆಲವು ಮನೆಗಳಲ್ಲಿ ಮೀಟರಿನ ಪಕ್ಕದ ಗಡಿಯಾರ. ಮಿಕ್ಕ ಲಕ್ಷಾಂತರ ಮನೆಗಳಲ್ಲಿ ಬಿಬಿಸಿ ರೇಡಿಯೊ 4! ಅದರ 198 ಕಿಲೋಹರ್ಟ್ಸ್ ಲಾಂಗ್ ವೇವ್ ಪ್ರಸಾರದೊಳಗೆ ಕಿವಿಗೆ ಕೇಳದಂತೆ ಒಂದು ಸಂಕೇತವನ್ನು ಅಡಗಿಸಿ ಕಳುಹಿಸಲಾಗುತ್ತಿತ್ತು. ಮನೆಯ ಟೆಲಿಸ್ವಿಚ್ ಅದನ್ನು ಹಿಡಿದು ಹೀಟರಿನ ಸರ್ಕೀಟನ್ನು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಅನೇಕ ವರ್ಷ ಟೆಸ್ಟ್ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಬರುತ್ತಿದ್ದುದೂ ಅದೇ ಅಲೆಯಲ್ಲಿ ಎಂಬುದು ನನಗೆ ಈಗಲೂ ಖುಷಿ ಕೊಡುವ ಸಂಗತಿ. ಆ ಪ್ರಸಾರ ಯಂತ್ರಗಳನ್ನು ಇನ್ನು ಸರಿಯಾಗಿ ನೋಡಿಕೊಳ್ಳಲು ಆಗುವುದಿಲ್ಲ ಎಂದು ಈ ರೇಡಿಯೊ ಸಂಕೇತದ ಸೇವೆಯನ್ನು 2025ರ ಜೂನ್ 30ರಿಂದ ಹಂತಹಂತವಾಗಿ ನಿಲ್ಲಿಸಲು ಶುರುಮಾಡಲಾಯಿತು. ಸ್ಮಾರ್ಟ್ ಮೀಟರಿಗೆ ಬದಲಾಗದ ಮನೆಗಳಲ್ಲಿ ಹೀಟರು ಹೊತ್ತದೇ ಉಳಿಯಬಹುದು, ಹೊತ್ತಿದ್ದು ಆರದೆಯೂ ಉಳಿಯಬಹುದು. ಎರಡೂ ಬಿಲ್ಲಿನ ಮಟ್ಟಿಗೆ ಅನಾಹುತವೇ.

ಈ ನಡುವೆ ಎಲೆಕ್ಟ್ರಿಕ್ ಕಾರಿದ್ದವರಿಗೆಂದೇ ಅಗ್ಗದ ರಾತ್ರಿ ವಿದ್ಯುತ್ ದರಗಳು, ‘ಕಾರಿನ ದರ’ ಎನ್ನೋಣ, ಹುಟ್ಟಿಕೊಂಡವು. ಆಕ್ಟೋಪಸ್ ಎಂಬ ವಿದ್ಯುತ್ ಕಂಪನಿ ಕೆಲವು ವರ್ಷಗಳ ಹಿಂದೆ ರಾತ್ರಿ ನಾಲ್ಕು ಗಂಟೆಗಳ ಕಾಲ ಯೂನಿಟ್ಟಿಗೆ ಐದು ಪೆನ್ಸ್ ಎಂದು ‘ಗೋ’ ದರವನ್ನು ತಂದಾಗ ಅದು ಕಾರಿನ ಹುಚ್ಚಿನವರ ವಿಷಯವಾಗಿತ್ತು. ಈಗ ದೊಡ್ಡ ಕಂಪನಿಗಳೆಲ್ಲವೂ ಇಂಥದ್ದೊಂದನ್ನು ಇಟ್ಟುಕೊಂಡಿವೆ. ಇವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಅಗ್ಗದ ಅವಧಿ ಗಡಿಯಾರಕ್ಕೆ ಕಟ್ಟಿದ್ದು. ರಾತ್ರಿ ಐದಾರು ಗಂಟೆ, ಇಡೀ ಮನೆಗೆ ಅನ್ವಯ. ಇನ್ನೊಂದರಲ್ಲಿ ಗ್ರಾಹಕ ಬೀಗದ ಕೈಯನ್ನೇ ಕಂಪನಿಗೆ ಕೊಟ್ಟುಬಿಡುತ್ತಾನೆ: ‘ಬೆಳಿಗ್ಗೆ ಏಳಕ್ಕೆ ಎಂಬತ್ತು ಪ್ರತಿಶತ ಚಾರ್ಜ್ ಇರಬೇಕು, ನಡುವೆ ಯಾವಾಗ ತುಂಬಿಸುತ್ತೀರೋ ನಿಮಗೆ ಬಿಟ್ಟದ್ದು’ ಎಂದು ಆ್ಯಪ್‌ನಲ್ಲಿ ಹೇಳಿ ಮಲಗುತ್ತಾನೆ. ಕೆಲವು ಕಂಪನಿಗಳು ಈ ಅಗ್ಗದ ದರವನ್ನು ಕಾರಿಗೆ ಹೋದ ಯೂನಿಟ್ಟುಗಳಿಗಷ್ಟೇ ಕೊಡುತ್ತವೆ, ಮನೆಯ ಮಿಕ್ಕ ಬಳಕೆಗೆ ಇಲ್ಲ. ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಈಗ ಲೆಕ್ಕ. ದರಗಳು ಊರಿಂದೂರಿಗೆ, ಮೂರು ತಿಂಗಳಿಗೊಮ್ಮೆ ಬದಲಾಗುವುದರಿಂದ ಕೈಗೆ ಸುಲಭವಾಗಿ ಸಿಗುವ ಅಂಕಿಗಳನ್ನು ಇಟ್ಟುಕೊಳ್ಳೋಣ. ಸಾದಾ ಒಂದೇ ದರ 26 ಪೆನ್ಸ್. ಎಕಾನಮಿ 7ರಲ್ಲಿ ಹಗಲು 30, ರಾತ್ರಿ 15. ಕಾರಿನ ದರದಲ್ಲಿ ಹಗಲು 30, ರಾತ್ರಿ 8. ಗ್ಯಾಸ್ ಇಲ್ಲದ ಒಂದು ಫ್ಲ್ಯಾಟು. ವರ್ಷಕ್ಕೆ ಹೀಟರಿಗೆ ರಾತ್ರಿ 3,500 ಯೂನಿಟ್, ಮಿಕ್ಕಿದ್ದಕ್ಕೆ ಹಗಲು 2,000 ಯೂನಿಟ್. ಸಾದಾ ದರದಲ್ಲಿ ಇದು 1,430 ಪೌಂಡು. ಎಕಾನಮಿ 7ರಲ್ಲಿ 1,125. ಕಾರಿನ ದರ ಸಿಕ್ಕಿದ್ದರೆ 880. ಹಳೆಯ ರಾತ್ರಿ ದರ ಈಗಲೂ ಸಾದಾ ದರಕ್ಕಿಂತ ಮೇಲು, ಆದರೆ ಪಕ್ಕದ ಮನೆಯ ಕಾರಿನವರಿಗಿಂತ 245 ಪೌಂಡು ಹೆಚ್ಚು ತೆರಬೇಕು.

ಇದೇ ಅಂಕಿಗಳಿಂದ ಇನ್ನೊಂದು ಮಾತೂ ಹೊರಬರುತ್ತದೆ. ಎಕಾನಮಿ 7ರಲ್ಲಿ ಸಾದಾ ದರಕ್ಕೆ ಸರಿಗಟ್ಟಬೇಕಾದರೂ ಒಟ್ಟು ಬಳಕೆಯ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ರಾತ್ರಿಯದ್ದಾಗಿರಬೇಕು. ಹೀಟರನ್ನು ಕಿತ್ತುಹಾಕಿಯೂ ಮೀಟರನ್ನು ಹಾಗೆಯೇ ಬಿಟ್ಟವರು, ಹೀಟರಿಗೆ ಹೆದರಿ ಅದನ್ನು ಆರಿಸಿ ಪ್ಲಗ್ ಹೀಟರು ಬಳಸುವವರು ಎಕಾನಮಿಯ ಹೆಸರಿನಲ್ಲಿ ಹೆಚ್ಚು ಹಣ ಕಟ್ಟುತ್ತಿದ್ದಾರೆ.

ಹಾಗಾದರೆ ಹೀಟರಿನ ಮನೆಯವರಿಗೆಲ್ಲ ಕಾರಿನ ದರ ಕೊಟ್ಟುಬಿಟ್ಟರೆ ಸಮಸ್ಯೆ ಮುಗಿಯಿತೇ? ಇಲ್ಲಿ ಗಂಟೆಗಳ ಲೆಕ್ಕ ಅಡ್ಡ ಬರುತ್ತದೆ. ಸ್ಟೋರೇಜ್ ಹೀಟರನ್ನು ಏಳು ಗಂಟೆಗಳ ಅವಧಿಗೆಂದೇ ಅಳೆದು ಮಾಡಿದ್ದಾರೆ. ದೊಡ್ಡ ಮಾದರಿ 3.4 ಕಿಲೋವ್ಯಾಟ್ ಎಳೆಯುತ್ತದೆ, ಏಳು ಗಂಟೆಯಲ್ಲಿ 23.8 ಯೂನಿಟ್ ತುಂಬಿಕೊಳ್ಳುತ್ತದೆ. ನಡುಮನೆಯಲ್ಲಿ ಅದೊಂದು, ಎರಡು ಕೋಣೆಗಳಲ್ಲಿ 2.55 ಕಿಲೋವ್ಯಾಟಿನವು ಒಂದೊಂದು ಇದ್ದರೆ ಒಟ್ಟು 8.5 ಕಿಲೋವ್ಯಾಟ್, ಪೂರ್ತಿ ತುಂಬಿದರೆ 59.5 ಯೂನಿಟ್. ಅದೇ ಮನೆಗೆ ಐದು ಗಂಟೆಯ ಕಾರಿನ ದರ ಕೊಟ್ಟರೆ 42.5 ಯೂನಿಟ್ಟಿಗೇ ಬಾಗಿಲು ಮುಚ್ಚುತ್ತದೆ. ಮಾಮೂಲಿ ದಿನಗಳಲ್ಲಿ ಅಷ್ಟೇ ಸಾಕು. ಹೊರಗೆ ಹಿಮ ಹೆಪ್ಪುಗಟ್ಟಿದ ದಿನ ಉಳಿದ 17 ಯೂನಿಟ್ಟನ್ನು ಹಗಲಿನಲ್ಲಿ 30 ಪೆನ್ಸಿನಂತೆ ಕೊಳ್ಳಬೇಕು. ಕೂಡಿದರೆ ಆ ದಿನದ ಶಾಖಕ್ಕೆ 8 ಪೌಂಡು 50 ಪೆನ್ಸ್. ಎಕಾನಮಿ 7ರಲ್ಲಿ ಅದೇ 59.5 ಯೂನಿಟ್ಟಿಗೆ 8 ಪೌಂಡು 92 ಪೆನ್ಸ್. ಅಂದರೆ ಯೂನಿಟ್ಟಿನ ದರ ಹೆಚ್ಚುಕಡಿಮೆ ಅರ್ಧಕ್ಕಿಳಿದರೂ ಕಡುಚಳಿಯ ದಿನದ ಖರ್ಚು ಇಳಿದದ್ದು 42 ಪೆನ್ಸ್ ಮಾತ್ರ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವುದು ಯೂನಿಟ್ಟಿನ ದರವನ್ನು. ಎಷ್ಟು ಗಂಟೆ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ.

ಕಾರಿನ ಸ್ಥಿತಿ ಇದಕ್ಕೆ ಪೂರ್ತಿ ವಿರುದ್ಧ. ಮನೆಯ ಚಾರ್ಜರು ಸಾಮಾನ್ಯವಾಗಿ 7.4 ಕಿಲೋವ್ಯಾಟಿನದು. ದಿನಕ್ಕೆ ಇಪ್ಪತ್ತು ಮೈಲಿ ಓಡುವ ಕಾರಿಗೆ ಬೇಕಾದದ್ದು ಸುಮಾರು ಆರು ಯೂನಿಟ್, ಅಂದರೆ ಒಂದು ಗಂಟೆಗೂ ಕಡಿಮೆ ಹೊತ್ತು. ಸಂಜೆ ಆರರಿಂದ ಬೆಳಗಿನ ಏಳರವರೆಗೆ ಹದಿಮೂರು ಗಂಟೆ ಅದು ಸುಮ್ಮನೆ ನಿಂತಿರುತ್ತದೆ. ಇವತ್ತು ರಾತ್ರಿ ವಿದ್ಯುತ್ ದುಬಾರಿಯೇ? ನಾಳೆ ತುಂಬಿಸಿಕೊಂಡರಾಯಿತು, ಬ್ಯಾಟರಿಯಲ್ಲಿ ಇನ್ನೂ ಅರ್ಧ ಇದೆ. ಸ್ಟೋರೇಜ್ ಹೀಟರು ನಾಳೆಗೆ ಮುಂದೂಡಲಾರದು, ಏಕೆಂದರೆ ಚಳಿ ನಾಳೆಯ ಬೆಳಿಗ್ಗೆಯೇ ಇದೆ.

ದರದ ಗುಟ್ಟು ಇಲ್ಲಿದೆ. ಕಂಪನಿ ಅಗ್ಗಕ್ಕೆ ಮಾರುತ್ತಿರುವುದು ರಾತ್ರಿಯ ವಿದ್ಯುತ್ತನ್ನಲ್ಲ. ಅದು ಗ್ರಾಹಕನ ತಾಳ್ಮೆಯನ್ನು ಕೊಳ್ಳುತ್ತಿದೆ. ಕಲ್ಲಿದ್ದಲಿನ ಕಾಲದಲ್ಲಿ ಹೆಚ್ಚುವರಿ ವಿದ್ಯುತ್ತು ಪ್ರತಿ ರಾತ್ರಿ ಅದೇ ಹೊತ್ತಿಗೆ ಬರುತ್ತಿತ್ತು, ಗಡಿಯಾರ ಸಾಕಾಗಿತ್ತು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ಸ್ಥಾವರ ರ‍್ಯಾಟ್‌ಕ್ಲಿಫ್ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಈಗಿನ ಹೆಚ್ಚುವರಿ ಬರುವುದು ಗಾಳಿ ಬೀಸಿದಾಗ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಬಲ್ಲವರಿಗೆ ಬೆಲೆ ಇಳಿಯುತ್ತದೆ. ಕಾರಿಗೆ ಅದು ಸಾಧ್ಯ. ಗಡಿಯಾರಕ್ಕೆ ಕಟ್ಟಿದ ಹೀಟರಿಗೆ ಸಾಧ್ಯವಿಲ್ಲ. ಇದರ ಜೊತೆಗೆ ಹೀಟರಿನ ಬೇಡಿಕೆ ಮುಖ್ಯವಾಗಿ ಚಳಿಗಾಲದ್ದು, ಸಗಟು ಬೆಲೆ ಏರಿರುವ ಕಾಲದ್ದು. ಅತಿ ಚಳಿಯ ರಾತ್ರಿಗಳಲ್ಲಿ ಎಷ್ಟೋ ಬಾರಿ ಗಾಳಿಯೂ ನಿಂತಿರುತ್ತದೆ. ಕಾರು ಜನವರಿಯಲ್ಲಿ ತುಸು ಹೆಚ್ಚು ಕುಡಿದರೂ ವರ್ಷವಿಡೀ ಕುಡಿಯುತ್ತಲೇ ಇರುತ್ತದೆ.

ಇಷ್ಟು ನ್ಯಾಯವಾದ ಅರ್ಧ. ಅನ್ಯಾಯದ ಅರ್ಧ ಮಾರುಕಟ್ಟೆಯದು. ಕಾರು ಕೊಂಡವನು ದರ ಹೋಲಿಸುತ್ತಾನೆ, ಸರಿಬರದಿದ್ದರೆ ಕಂಪನಿ ಬದಲಿಸುತ್ತಾನೆ. ಹೀಗಾಗಿ ಅವನನ್ನು ಒಲಿಸಿಕೊಳ್ಳಲು ಕಂಪನಿಗಳು ಲಾಭ ಬಿಟ್ಟಾದರೂ ದರ ಇಳಿಸುತ್ತವೆ. ಸ್ಟೋರೇಜ್ ಹೀಟರಿನ ಮನೆಗಳಲ್ಲಿ ಬಾಡಿಗೆದಾರರು, ವಯಸ್ಸಾದವರು, ಗ್ಯಾಸ್ ಕೊಳವೆ ಇಲ್ಲದ ಫ್ಲ್ಯಾಟುಗಳವರು ಹೆಚ್ಚು. ಮೀಟರು ಬದಲಿಸಬೇಕಾದರೆ ಮಾಲೀಕನ ಮುಖ ನೋಡಬೇಕು. ಎಕಾನಮಿ 7ಕ್ಕಿಂತಲೂ ವಿಚಿತ್ರವಾದ, ಒಂದೇ ಕಂಪನಿಗೆ ಕಟ್ಟಿಹಾಕುವ ಮೀಟರುಗಳವರು ಸ್ಪರ್ಧೆಯಿಂದ ಹೊರಗುಳಿದಿದ್ದಾರೆ ಎಂದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರವೇ 2016ರಲ್ಲಿ ಹೇಳಿತ್ತು. ನಿಯಂತ್ರಣ ಸಂಸ್ಥೆ ಆಫ್‌ಜೆಮ್ 2019ರಿಂದ ದರಕ್ಕೆ ಮಿತಿ ಹಾಕಿದೆ ನಿಜ. ಆದರೆ ಎಕಾನಮಿ 7ಕ್ಕೆ ಆ ಮಿತಿ ಹಗಲಿಗೊಂದು ರಾತ್ರಿಗೊಂದು ಎಂದು ಬೇರೆಬೇರೆ ಇಲ್ಲ. ಹಗಲುರಾತ್ರಿಯ ಬಳಕೆಯನ್ನು ಒಂದು ಅಂದಾಜಿನಲ್ಲಿ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಆ ಸರಾಸರಿಯೊಳಗೆ ರಾತ್ರಿ ದರ ಏರಿಸಿ ಹಗಲು ಇಳಿಸಲು ಕಂಪನಿಗೆ ಅವಕಾಶವಿದೆ. ಅಂದಾಜಿಗಿಂತ ಹೆಚ್ಚು ರಾತ್ರಿಯಲ್ಲಿ ಬಳಸುವವನು, ಅಂದರೆ ಹೀಟರನ್ನು ನಿಜವಾಗಿ ನೆಚ್ಚಿಕೊಂಡವನು, ಈ ಆಟದಲ್ಲಿ ಸೋಲುತ್ತಾನೆ. ರಾತ್ರಿ ದರಕ್ಕೇ ಒಂದು ಮಿತಿ ಇರಬೇಕು ಎಂಬುದು ನನ್ನ ವಾದ. ಕಾರು ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವ ಷರತ್ತೂ ಹೋಗಬೇಕು. ಕೇಳಬೇಕಾದದ್ದು ಬಳಕೆ ಯಾವ ಹೊತ್ತಿನದು ಎಂದು, ಯಾವ ಯಂತ್ರದ್ದು ಎಂದಲ್ಲ.

ಹೀಟರಿಗೆ ತಾಳ್ಮೆ ಕಲಿಸಲು ಬರುವುದಿಲ್ಲ ಎಂದೇನೂ ಇಲ್ಲ. ಹೊಸ ಮಾದರಿಗಳಲ್ಲಿ ಹೊದಿಕೆ ದಪ್ಪ, ಒಳಗೆ ಫ್ಯಾನು, ಹಿಂದಿನ ದಿನಗಳ ಬಳಕೆ ನೋಡಿ ಎಷ್ಟು ತುಂಬಬೇಕೆಂದು ತಾನೇ ಲೆಕ್ಕ ಹಾಕುವ ಎಲೆಕ್ಟ್ರಾನಿಕ್ ನಿಯಂತ್ರಣ ಇವೆ. ಮಧ್ಯಾಹ್ನ ಒಂದೆರಡು ಗಂಟೆ ಮತ್ತೆ ತುಂಬಿಸುವ ಅವಕಾಶ ಸಿಕ್ಕರೆ ಸಂಜೆಯ ಚಳಿಗೆ ಅದು ಸರಿಯಾದ ಉತ್ತರ. ಹಗಲಿನಲ್ಲೂ ಅಗ್ಗದ ಗಂಟೆಗಳಿದ್ದ ‘ಎಕಾನಮಿ 10’ ಎಂಬ ದರ ಇದನ್ನು ಹಿಂದೆಯೇ ಮಾಡಿತ್ತು. ಈಗ ಹುಡುಕಿದರೂ ಅದನ್ನು ಕೊಡುವವರು ಕಡಿಮೆ.

ಎಲ್ಲರೂ ಒಂದೇ ಗಂಟೆಗೆ ಮುಗಿಬಿದ್ದರೆ ಅಗ್ಗದ ಅವಧಿಯೇ ಹೊಸ ದಟ್ಟಣೆಯ ಅವಧಿಯಾಗುತ್ತದೆ. ಇದನ್ನು ಮುಂಗಂಡೇ ಬ್ರಿಟನ್ 2022ರ ಜೂನ್ 30ರಿಂದ ಮನೆಯ ಚಾರ್ಜರುಗಳಿಗೆ ಒಂದು ನಿಯಮ ಹಾಕಿದೆ: ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ ರಾತ್ರಿ 10ರವರೆಗೆ ಚಾರ್ಜ್ ಆಗದಂತೆ ಮೊದಲೇ ಹೊಂದಿಸಿರಬೇಕು, ಬೇಕಾದವರು ಬದಲಿಸಿಕೊಳ್ಳಬಹುದು. ಚಾರ್ಜಿಂಗ್ ಶುರುವಾಗುವ ಹೊತ್ತನ್ನು ಒಂದೊಂದು ಚಾರ್ಜರಿನಲ್ಲಿ ಒಂದೊಂದು ರೀತಿ, ಹತ್ತು ನಿಮಿಷದವರೆಗೆ ತಡಮಾಡುವ ವ್ಯವಸ್ಥೆಯೂ ಇರಬೇಕು.

ಕಾರು, ಹೀಟರು ಎರಡೂ ಇರುವ ಮನೆಗಳ ಪಾಡು ಬೇರೆಯೇ. ಅವರಿಗೆ ಕಾರಿನ ದರ ಸಿಗುತ್ತದೆ, ಅದು ಕಾರಿಗಷ್ಟೇ ಸೀಮಿತವಲ್ಲದಿದ್ದರೆ ಮನೆಯೆಲ್ಲ ಆ ದರಕ್ಕೆ ಬರುತ್ತದೆ, ಲಾಭವೂ ದೊಡ್ಡದು. ಆದರೆ ಹೀಟರುಗಳ ಸರ್ಕೀಟು ಹಲವು ಮನೆಗಳಲ್ಲಿ ಬೇರೆ ಫ್ಯೂಸ್ ಪೆಟ್ಟಿಗೆಯಿಂದ ಹೋಗುತ್ತದೆ, ರಾತ್ರಿ ಮಾತ್ರ ಜೀವ ಪಡೆಯುತ್ತದೆ. ಹೊಸ ಮೀಟರು ಬಂದಾಗ ಆ ಸರ್ಕೀಟನ್ನು ಯಾವ ಗಂಟೆಗೆ ತೆರೆಯಬೇಕು ಎಂಬುದನ್ನು ಕೇಳಿ ಖಾತ್ರಿ ಮಾಡಿಕೊಳ್ಳದಿದ್ದರೆ, ಅದು ದುಬಾರಿ ಗಂಟೆಯಲ್ಲಿ ಹೊತ್ತಿಕೊಂಡೀತು. ಹಳೆಯ ಎಕಾನಮಿ 7 ಮೀಟರಿನ ಗಡಿಯಾರ ಬಹುಪಾಲು ವರ್ಷವಿಡೀ ಗ್ರೀನ್‌ವಿಚ್ ಸಮಯದಲ್ಲೇ ಇರುತ್ತದೆ, ಬೇಸಿಗೆಯಲ್ಲಿ ದೇಶದ ಗಡಿಯಾರ ಒಂದು ಗಂಟೆ ಮುಂದೆ ಹೋದರೂ ಅದು ಕದಲುವುದಿಲ್ಲ. ಅಗ್ಗದ ಅವಧಿ ಶುರುವಾಯಿತೆಂದುಕೊಂಡು ಜುಲೈನಲ್ಲಿ ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಬಟ್ಟೆ ಒಗೆಯುವ ಯಂತ್ರ ಹಾಕುವವರು ಹಗಲು ದರ ಕೊಡುತ್ತಿರುವುದು ಹೀಗೆ. ಇನ್ನು ಮುಖ್ಯ ಫ್ಯೂಸ್: 8.5 ಕಿಲೋವ್ಯಾಟಿನ ಹೀಟರು, 7.4ರ ಚಾರ್ಜರು ಕೂಡಿದರೆ 15.9. ಹಳೆಯ ಮನೆಯ 60 ಆಂಪಿಯರ್ ಫ್ಯೂಸ್ ತಾಳಿಕೊಳ್ಳುವುದು ಸುಮಾರು 13.8 ಕಿಲೋವ್ಯಾಟನ್ನು. ದರ ಹೋಲಿಸುವ ಮೊದಲು ಆ ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿಯನ್ನು ಓದುವುದು ಲೇಸು.

ಅಗ್ಗದ ಹೊತ್ತು ಎಂದರೆ ರಾತ್ರಿ ಎಂಬ ನಂಬಿಕೆಯೂ ಸಡಿಲವಾಗುತ್ತಿದೆ. ಫ್ರಾನ್ಸಿನಲ್ಲಿ 2025ರ ನವೆಂಬರಿನಿಂದ ಅಗ್ಗದ ಗಂಟೆಗಳಲ್ಲಿ ಒಂದಿಷ್ಟನ್ನು ಮಧ್ಯಾಹ್ನಕ್ಕೆ ಸರಿಸುತ್ತಿದ್ದಾರೆ, ಕಾರಣ ಸೌರ ವಿದ್ಯುತ್. ಕರ್ನಾಟಕಕ್ಕೆ ಇದು ಹೊಸ ಸುದ್ದಿಯಲ್ಲ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು ಸೇರಿದಂತೆ ನಮ್ಮ ಹೆಚ್ಚುವರಿ ಬರುವುದು ಬಿಸಿಲೇರಿದ ಮೇಲೆ. ಕೇಂದ್ರ ಸರ್ಕಾರ 2023ರ ಜೂನಿನಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮವೂ ಹಗಲಿನ ಎಂಟು ‘ಸೌರ ಗಂಟೆ’ಗಳಲ್ಲಿ ದರ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು ಎನ್ನುತ್ತದೆ, ಕೃಷಿ ಬಿಟ್ಟು ಉಳಿದ ಗ್ರಾಹಕರಿಗೂ 2025ರ ಏಪ್ರಿಲ್ 1ರಿಂದ ಅದು ಬರಬೇಕೆಂದು ಗಡುವು ಹಾಕಿತ್ತು. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುವ ಮನೆಗೆ ಯಾವ ಗಂಟೆ ಅಗ್ಗವಾದರೇನು ಎಂಬುದು ಪಕ್ಕದ ಪ್ರಶ್ನೆ. ನಮ್ಮ ಬಚ್ಚಲ ಗೀಸರು ಬೇಡಿಕೆ ಇಡುವುದು ಬೆಳಗಿನ ಆರೇಳಕ್ಕೆ. ಹದಿನೈದು ಲೀಟರಿನ ಸಣ್ಣ ಟ್ಯಾಂಕಿನಲ್ಲಿ ಮಧ್ಯಾಹ್ನ ಕಾಯಿಸಿದ ನೀರು ಮರುದಿನ ಬೆಳಗಿನವರೆಗೆ ಬಿಸಿ ಉಳಿಯುವುದಿಲ್ಲ. ಉಳಿದದ್ದು ಕಾರು, ಸ್ಕೂಟರು. ಬ್ರಿಟನ್ನಿನಲ್ಲಿ ವಿದ್ಯುತ್ ಅಗ್ಗವಾದಾಗ ಕಾರು ಮನೆಯ ಮುಂದೆಯೇ ನಿಂತಿರುತ್ತದೆ. ಬೆಂಗಳೂರಿನಲ್ಲಿ ಅಗ್ಗವಾಗುವ ಹೊತ್ತಿಗೆ ಅದು ವೈಟ್‌ಫೀಲ್ಡಿನ ಕಚೇರಿಯೊಂದರ ನೆಲಮಾಳಿಗೆಯಲ್ಲಿರುತ್ತದೆ. ಸೌರ ಗಂಟೆಯ ರಿಯಾಯಿತಿ ಕಾರಿಗೆ ತಲುಪಬೇಕಾದರೆ ಆ ನೆಲಮಾಳಿಗೆಯಲ್ಲಿ ಪ್ಲಗ್ ಪಾಯಿಂಟ್ ಇರಬೇಕು, ಅದರ ಮೀಟರು ಕಟ್ಟಡದ ಒಟ್ಟು ಬಿಲ್ಲಿನಲ್ಲಿ ಕರಗಿಹೋಗದೆ ಪ್ರತ್ಯೇಕವಾಗಿ ಗಂಟೆ ಗಂಟೆಯ ಲೆಕ್ಕ ಕೊಡಬೇಕು. ಮನೆಯ ಮೀಟರಿಗಷ್ಟೇ ರಿಯಾಯಿತಿ ಘೋಷಿಸಿದರೆ ಅದನ್ನು ಪಡೆಯಲು ಆ ಹೊತ್ತಿನಲ್ಲಿ ಮನೆಯಲ್ಲಿ ಕಾರೇ ಇರುವುದಿಲ್ಲ.